ಬಾಬಿಯ ಅಣ್ಣ, ಲೀಡ್ಸ್‌ನ ಜಾಕ್

ಕಳೆದ ಸಂಚಿಕೆಯಲ್ಲಿ 1966ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಬಾಬಿ ಚಾರ್ಲ್ಟನ್ ಬಗ್ಗೆ ಬರೆಯುವಾಗ ‘ಅಣ್ಣ ಜಾಕ್ ಕೂಡ ಅದೇ ತಂಡದಲ್ಲಿದ್ದ’ ಅಂತ ಒಂದೇ ಸಾಲು ಹಾಕಿ ಮುಂದೆ ಹೋಗಿದ್ದೆ. ತಪ್ಪಾಯ್ತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆ ಅಣ್ಣನ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟು ಇವತ್ತು ಪೂರ್ತಿ ಜಾಕ್ ಚಾರ್ಲ್ಟನ್. ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಸಚಿನ್ ಹೊಡೆದ’ ಅಂತೀವೇ ಹೊರತು ‘ಸಚಿನ್ ಅವರು ಹೊಡೆದರು’ ಅನ್ನೋದಿಲ್ಲ, ಅಲ್ವಾ? ಹಾಗೆ.

ಪ್ರಶ್ನೆ: ಬಾಬಿ ಎಲ್ಲರಿಗೂ ಗೊತ್ತು. ಈ ಜಾಕ್‌ಗೆ ‘ಬಾಬಿಯ ಅಣ್ಣ’ ಅನ್ನೋದು ಬಿಟ್ಟರೆ ಬೇರೆ ಗುರುತು ಇದೆಯಾ?

ಉತ್ತರ: ಬೇಕಾದಷ್ಟಿದೆ. ಜಾಕ್ ಹುಟ್ಟಿದ್ದು 1935ರ ಮೇ 8ರಂದು, ಇಂಗ್ಲೆಂಡಿನ ಉತ್ತರದ ನಾರ್ತಂಬರ್‌ಲ್ಯಾಂಡ್‌ನಲ್ಲಿರುವ ಆಶಿಂಗ್ಟನ್‌ನಲ್ಲಿ. ಊರು ಅಂದರೆ ಕಲ್ಲಿದ್ದಲು ಗಣಿ, ಗಣಿ ಅಂದರೆ ಊರು, ಅಂಥ ಜಾಗ. ಅಪ್ಪ ಗಣಿ ಕಾರ್ಮಿಕ. ಅವರಿಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಹುಚ್ಚೆಲ್ಲ ಅಮ್ಮ ಸಿಸ್ಸಿಯ ಕಡೆಯದು. ಜಾಕ್‌ಗೆ ನಾಲ್ವರು ಸೋದರಮಾವಂದಿರು, ನಾಲ್ವರೂ ವೃತ್ತಿಪರ ಆಟಗಾರರು. ಅವರಲ್ಲಿ ಮೂವರು ಜಾಕ್ ಮುಂದೆ ಸೇರಿದ ಕ್ಲಬ್ ಲೀಡ್ಸ್ ಯುನೈಟೆಡ್‌ಗೇ ಆಡಿದವರು. ನ್ಯೂಕಾಸಲ್ ಜನ ತಲೆ ಮೇಲೆ ಹೊತ್ತು ಮೆರೆಸಿದ ಜಾಕಿ ಮಿಲ್ಬರ್ನ್ ಕೂಡ ಅಮ್ಮನ ಕಡೆಯ ಸಂಬಂಧಿಯೇ.

ಇಂಥ ಮನೆಯಲ್ಲಿ ಎರಡೂವರೆ ವರ್ಷ ಚಿಕ್ಕವನಾದ ತಮ್ಮ ಬಾಬಿ ಹುಟ್ಟಾ ಪ್ರತಿಭೆ. ಅವನನ್ನು ಹುಡುಕಿಕೊಂಡು ದೊಡ್ಡ ದೊಡ್ಡ ಕ್ಲಬ್‌ಗಳು ಮನೆ ಬಾಗಿಲಿಗೇ ಬರುತ್ತಿದ್ದವು. ಅಣ್ಣ ಉದ್ದ ಕಾಲಿನ, ಒಡ್ಡೊಡ್ಡು ನಡಿಗೆಯ ಹುಡುಗ, ಶಾಲೆಗಿಂತ ಹೊಳೆ ದಂಡೆಯಲ್ಲಿ ಮೀನು ಹಿಡಿಯೋದೇ ಜಾಸ್ತಿ ಇಷ್ಟ. ಮುಂದೆ ಅಭಿಮಾನಿಗಳು ಅವನಿಗೆ ಇಟ್ಟ ಅಡ್ಡಹೆಸರು ಜಿರಾಫೆ. ಆ ಜಿರಾಫೆ ಒಂದೇ ಕ್ಲಬ್‌ಗೆ, ಲೀಡ್ಸ್‌ಗೆ, 1953ರಿಂದ 1973ರವರೆಗೆ ಆಡಿದ. ಲೀಗ್ ಪಂದ್ಯಗಳೇ 629. ಎಲ್ಲ ಸೇರಿಸಿದರೆ 750ಕ್ಕೂ ಜಾಸ್ತಿ, ಅದು ಆ ಕ್ಲಬ್‌ನ ದಾಖಲೆ. ಇದಕ್ಕಿಂತ ಬೇರೆ ಗುರುತು ಬೇಕಾ?

ಪ್ರಶ್ನೆ: ಜಾಕ್ ಪೊಲೀಸ್ ಆಗಬೇಕಿತ್ತಂತೆ, ನಿಜವೇ?

ಉತ್ತರ: ನಿಜ, ಕೂದಲೆಳೆಯಲ್ಲಿ ತಪ್ಪಿತು. ಹದಿನೈದನೇ ವಯಸ್ಸಿನಲ್ಲಿ ಲೀಡ್ಸ್ ಮೊದಲ ಸಲ ಕರೆದಾಗ ಒಲ್ಲೆ ಅಂದ. ಅಪ್ಪನ ಹಿಂದೆ ಗಣಿಗೆ ಹೋದ. ಒಳಗೆ ಇಳಿದು ನೋಡಿದ ಮೇಲೆ ಇದು ನನ್ನಿಂದಾಗದು ಅನ್ನಿಸಿ ಕೆಲಸ ಬಿಡುತ್ತೇನೆ ಅಂತ ಹೇಳಿ ಹೊರಬಂದ. ಬಂದವನು ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ. ಅಷ್ಟರಲ್ಲಿ ಲೀಡ್ಸ್‌ನಿಂದ ಇನ್ನೊಂದು ಸಲ ಕರೆ ಬಂತು. ಪೊಲೀಸ್ ಸಂದರ್ಶನ ಮತ್ತು ಲೀಡ್ಸ್ ಆಯ್ಕೆ ಪಂದ್ಯ, ಎರಡೂ ಒಂದೇ ಸಮಯಕ್ಕೆ! ಜಾಕ್ ಆಟದ ಕಡೆ ಹೋದ. 1950ರಲ್ಲಿ ಕ್ಲಬ್‌ನ ಮೈದಾನದ ಕೆಲಸದ ಹುಡುಗನಾಗಿ ಸೇರಿದ. ಆ ಕಾಲದಲ್ಲಿ ಅಂಥ ಹುಡುಗರು ಬೂಟು ಒರೆಸೋದು, ಗುಡಿಸೋದು, ಹುಲ್ಲು ನೋಡಿಕೊಳ್ಳೋದು ಎಲ್ಲ ಮಾಡಬೇಕಿತ್ತು. ನಡುವೆ ಎರಡು ವರ್ಷ ಕಡ್ಡಾಯ ಸೇನಾ ಸೇವೆ ಬೇರೆ. ದುಡ್ಡಿನ ಆಸೆಗೆ ಹೋದ ಅಂದುಕೊಳ್ಳಬೇಡಿ. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು, ಕೊನೆಗೊಮ್ಮೆ ಅದನ್ನು ತೆಗೆದಾಗ ಆ ಮಿತಿ ವಾರಕ್ಕೆ 20 ಪೌಂಡ್. ಎಷ್ಟೇ ದೊಡ್ಡ ಆಟಗಾರನಾದರೂ ಅಷ್ಟೇ.

ಪ್ರಶ್ನೆ: ಡಿಫೆಂಡರ್ ಅಂದರೆ ಸುಮ್ನೆ ಚೆಂಡನ್ನು ದೂರ ಒದೆಯುವವನು ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ಜಾಕ್ ಬೇರೇನು ಮಾಡುತ್ತಿದ್ದ?

ಉತ್ತರ: ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯ ಇದೆ. ಜಾಕ್ ಆಡಿದ್ದು ಸೆಂಟರ್ ಹಾಫ್ ಜಾಗದಲ್ಲಿ, ಅಂದರೆ ಗೋಲ್ ಕಾಯುವ ಸಾಲಿನ ನಟ್ಟನಡುವೆ, ಬೆನ್ನ ಮೇಲೆ 5ನೇ ನಂಬರ್. ಎದುರಾಳಿ ತಂಡದ ಮುಖ್ಯ ಸ್ಟ್ರೈಕರ್‌ಗೆ ನೆರಳಿನ ಹಾಗೆ ಅಂಟಿಕೊಳ್ಳೋದು, ಮೇಲಿಂದ ಬರುವ ಪ್ರತಿ ಚೆಂಡಿಗೂ ಮೊದಲು ತಲೆ ಕೊಡೋದು ಅವನ ಕೆಲಸ. ಚೆಂಡು ಕಾಲಿಗೆ ಸಿಕ್ಕರೆ ಹತ್ತಿರದಲ್ಲಿರೋ ಜಾಣನಿಗೆ ಕೊಟ್ಟು ಸುಮ್ಮನಾಗೋದು. ತಮ್ಮನಿಗೆ ಆಡಲು ಬರುತ್ತೆ, ನನಗೆ ಬೇರೆಯವರ ಆಟ ಕೆಡಿಸಲು ಬರುತ್ತೆ ಅನ್ನೋ ಅರ್ಥದ ಮಾತನ್ನು ಜಾಕ್ ತಾನೇ ಆಡುತ್ತಿದ್ದ.

ಆದರೆ ಬರೀ ಒದೆಯುವವನಿಗೆ ಹೊಸ ಉಪಾಯ ಹೊಳೆಯೋದಿಲ್ಲ. ಲೀಡ್ಸ್‌ಗೆ ಕಾರ್ನರ್ (ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ) ಸಿಕ್ಕಾಗ ಜಾಕ್ ಮುಂದೆ ಹೋಗಿ ಎದುರಾಳಿ ಗೋಲ್‌ಕೀಪರ್‌ನ ಮೂಗಿನ ಮುಂದೆಯೇ ನಿಂತುಬಿಡುತ್ತಿದ್ದ. ಆರಡಿ ದಾಟಿದ ಆಳು. ಕೀಪರ್‌ಗೆ ಚೆಂಡೂ ಕಾಣದು, ಹೆಜ್ಜೆ ಮುಂದಿಡಲು ಜಾಗವೂ ಇಲ್ಲ. ಹಾರಿದರೆ ಜಾಕ್‌ನ ಬೆನ್ನಿಗೇ ಡಿಕ್ಕಿ. ಎದುರಾಳಿಗಳು ಬಾಯಿ ಬಡಿದುಕೊಂಡರು, ಆದರೆ ಸುಮ್ಮನೆ ನಿಲ್ಲೋದು ತಪ್ಪು ಅಂತ ನಿಯಮದಲ್ಲಿ ಇರಲಿಲ್ಲವಲ್ಲ! ಇವತ್ತು ಇಂಗ್ಲಿಷ್ ಲೀಗ್‌ನಲ್ಲಿ ಪ್ರತಿ ಕಾರ್ನರ್‌ಗೂ ಕೀಪರ್ ಸುತ್ತ ಜಾತ್ರೆ ನೆರೆಯುತ್ತದಲ್ಲ, ಆ ಜಾತ್ರೆಯ ಹಳೇ ಮುಖ್ಯಸ್ಥ ಇವನೇ. ಡಿಫೆಂಡರ್ ಆಗಿದ್ದುಕೊಂಡೂ ಲೀಗ್‌ನಲ್ಲಿ 70 ಗೋಲ್ ಹೊಡೆದ.

ಪ್ರಶ್ನೆ: ಇಷ್ಟು ಒಳ್ಳೆಯ ಆಟಗಾರನಾದರೆ ಇಂಗ್ಲೆಂಡ್ ತಂಡಕ್ಕೆ ಬರಲು 30 ವರ್ಷ ಯಾಕೆ ಬೇಕಾಯ್ತು?

ಉತ್ತರ: ಒಳ್ಳೆಯ ಪ್ರಶ್ನೆ, ನನಗೂ ಇವನ ಕಥೆಯಲ್ಲಿ ಇಷ್ಟವಾಗೋದು ಈ ಭಾಗವೇ. ಯಾಕೆಂದರೆ ಮೊದಲ ಎಂಟೊಂಬತ್ತು ವರ್ಷ ಅವನು ಅಂಥ ಒಳ್ಳೆಯ ಆಟಗಾರನಾಗಿರಲಿಲ್ಲ. ಮೂಗಿನ ತುದಿಯಲ್ಲಿ ಕೋಪ, ಯಾರಾದರೂ ತಿದ್ದಲು ಬಂದರೆ ಜಗಳ. ಲೀಡ್ಸ್ ಕೂಡ ಆಗ ಲೀಗ್‌ನ ಎರಡನೇ ದರ್ಜೆಗೂ ಮೊದಲ ದರ್ಜೆಗೂ ಮಧ್ಯೆ ಏಣಿ ಹತ್ತಿ ಇಳಿಯುತ್ತಿದ್ದ ಕ್ಲಬ್. ಅದೇ ತಂಡದಲ್ಲಿ ಡಾನ್ ರೆವಿ ಅನ್ನೋ ಹಿರಿಯ ಆಟಗಾರ ಇದ್ದ. ನಾನು ಮ್ಯಾನೇಜರ್ ಆಗಿದ್ದರೆ ನಿನ್ನನ್ನು ಆಡಿಸುತ್ತಿರಲಿಲ್ಲ ಅಂತ ಒಮ್ಮೆ ರೆವಿ ರೇಗಿದನಂತೆ. ನೀನು ಮ್ಯಾನೇಜರ್ ಅಲ್ಲವಲ್ಲ ಅಂತ ಜಾಕ್ ತಿರುಗಿ ಹೇಳಿದನಂತೆ. ಆಮೇಲೆ 1961ರಲ್ಲಿ ಮ್ಯಾನೇಜರ್ ಆದದ್ದು ಯಾರು ಅಂತೀರಿ? ಅದೇ ರೆವಿ!

ಜಾಕ್‌ನನ್ನು ಮಾರಿಬಿಡುವ ಮಾತೂ ನಡೆಯಿತು. ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಎರಡೂ ವಿಚಾರಿಸಿದವು, ಯಾವುದೂ ಕುದುರಲಿಲ್ಲ. ಕೊನೆಗೆ ರೆವಿ, ಜಾಕ್ ಇಬ್ಬರೂ ಹೊಂದಿಕೊಂಡರು. ನಿನ್ನ ಈ ಸಿಡುಕು ಬಿಟ್ಟರೆ ಇಂಗ್ಲೆಂಡ್‌ಗೇ ಆಡಬಹುದು ಅಂತ ರೆವಿ ತಲೆಗೆ ತುಂಬಿದ, ಡಿಫೆನ್ಸ್ ಹೇಗೆ ನಿಲ್ಲಬೇಕು ಅನ್ನೋ ಜವಾಬ್ದಾರಿಯನ್ನೂ ಅವನ ಹೆಗಲಿಗೇ ಹಾಕಿದ. ಬೈಸಿಕೊಳ್ಳುತ್ತಿದ್ದವನು ಈಗ ಉಳಿದವರನ್ನು ಬೈದು ಸಾಲಿನಲ್ಲಿ ನಿಲ್ಲಿಸುವವನಾದ. 1964ರಲ್ಲಿ ಲೀಡ್ಸ್ ಎರಡನೇ ದರ್ಜೆ ಗೆದ್ದು ಮೇಲೆ ಬಂತು. ಮರುವರ್ಷವೇ ಮೊದಲ ದರ್ಜೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಷ್ಟೇ ಅಂಕ ಗಳಿಸಿ, ಗೋಲ್ ಸರಾಸರಿಯಲ್ಲಿ (ಹೊಡೆದ ಗೋಲ್, ಬಿಟ್ಟುಕೊಟ್ಟ ಗೋಲ್‌ಗಳ ಲೆಕ್ಕ) ಹಿಂದೆ ಬಿದ್ದು ಎರಡನೇ ಸ್ಥಾನಕ್ಕೆ ನಿಂತಿತು.

ಅದೇ 1965ರಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಟೂರ್ನಿ ಎಫ್‌ಎ ಕಪ್ ಸೆಮಿಫೈನಲ್‌ನಲ್ಲೂ ಇದೇ ಎರಡು ತಂಡಗಳು. ಮರುಪಂದ್ಯದಲ್ಲಿ ಲೀಡ್ಸ್ 1–0 ಗೆದ್ದಿತು. ಆಟ ಮುಗಿದ ಮೇಲೆ ರೆವಿ ಬಂದು, ಇಂಗ್ಲೆಂಡ್ ತಂಡದಲ್ಲಿ ನಿನ್ನ ಹೆಸರಿದೆ ಅಂದ. ಜಾಕ್ ಖುಷಿ ತಡೆಯಲಾರದೆ ನೇರ ಎದುರಾಳಿಗಳ ಕೋಣೆಗೇ ಓಡಿದ, ಅಲ್ಲಿ ತಮ್ಮ ಇದ್ದನಲ್ಲ. ಈಗಷ್ಟೇ ಸೋತು, ತಲೆ ತಗ್ಗಿಸಿ ಕೂತಿರುವ ಹನ್ನೊಂದು ಜನರ ನಡುವೆ ನಿಂತು, ‘ನಾನು ಇಂಗ್ಲೆಂಡ್‌ಗೆ ಆಯ್ಕೆಯಾದೆ’ ಅಂತ ಸಾರಿದರೆ ಹೇಗಿರಬೇಡ! ಬಾಬಿ ಅಭಿನಂದಿಸಿದ. ಉಳಿದವರ ಮುಖ ಹೇಗಿತ್ತು ಅಂತ ನೀವೇ ಊಹಿಸಿಕೊಳ್ಳಿ. ಏಪ್ರಿಲ್ 10ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ಎದುರು ಮೊದಲ ಪಂದ್ಯ ಆಡಿದ. 30 ತುಂಬಲು ಇನ್ನೂ ನಾಲ್ಕು ವಾರ ಬಾಕಿ ಇತ್ತು.

ತನ್ನನ್ನು ಯಾಕೆ ಆರಿಸಿದಿರಿ ಅಂತ ಜಾಕ್ ಒಮ್ಮೆ ಮ್ಯಾನೇಜರ್ ಆಲ್ಫ್ ರಾಮ್ಸೆಯನ್ನು ಕೇಳಿದ. ನಾನು ಯಾವಾಗಲೂ ಎಲ್ಲರಿಗಿಂತ ಒಳ್ಳೆಯ ಆಟಗಾರನನ್ನೇ ಆರಿಸೋದಿಲ್ಲ, ನನ್ನ ತಂಡಕ್ಕೆ ಹೊಂದುವವನನ್ನು ಆರಿಸುತ್ತೇನೆ ಅಂತ ಉತ್ತರ ಬಂತಂತೆ. ಹೊಗಳಿಕೆಯೋ ತೆಗಳಿಕೆಯೋ? ಜಾಕ್ ಅದನ್ನು ನಗುನಗುತ್ತಾ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಡಿಫೆನ್ಸ್‌ನಲ್ಲಿ ಅವನ ಪಕ್ಕ ಇಂಗ್ಲೆಂಡ್ ನಾಯಕ ಬಾಬಿ ಮೂರ್ ಇದ್ದ. ಅವನು ಚೆಂಡನ್ನು ಹಿಡಿದು ನಿಧಾನವಾಗಿ ಆಟ ಕಟ್ಟುವವನು. ಅವನೇನಾದರೂ ಎಡವಿದರೆ ಹಿಂದೆ ಗುಡಿಸಿ ಹಾಕಲು ಒಬ್ಬ ಬೇಕಿತ್ತು, ಅಷ್ಟೇ ಲೆಕ್ಕ.

ಪ್ರಶ್ನೆ: 1966ರ ವಿಶ್ವಕಪ್‌ನಲ್ಲಿ ಜಾಕ್ ತಪ್ಪುಗಳಿಂದ ಇಂಗ್ಲೆಂಡ್ ಸೋಲುವುದರಲ್ಲಿತ್ತು ಅಂತ ಓದಿದೆ.

ಉತ್ತರ: ಅಷ್ಟು ದೂರ ಹೋಗಬೇಡಿ. ಗುಂಪಿನ ಮೂರು ಪಂದ್ಯ, ಆಮೇಲೆ ಅರ್ಜೆಂಟೀನಾ ಎದುರಿನ ಕ್ವಾರ್ಟರ್ ಫೈನಲ್, ಈ ನಾಲ್ಕರಲ್ಲಿ ಇಂಗ್ಲೆಂಡ್ ಒಂದೂ ಗೋಲ್ ಬಿಟ್ಟುಕೊಟ್ಟಿರಲಿಲ್ಲ. ಅದರಲ್ಲಿ ಜಾಕ್ ಪಾಲೂ ಇದೆ. ಆದರೆ ಎರಡು ಘಟನೆ ನಡೆದದ್ದು ಹೌದು. ಪೋರ್ಚುಗಲ್ ಎದುರು ಸೆಮಿಫೈನಲ್‌ನಲ್ಲಿ ತಮ್ಮ ಬಾಬಿಯ ಎರಡು ಗೋಲ್‌ಗಳಿಂದ ಇಂಗ್ಲೆಂಡ್ 2–0 ಮುಂದಿತ್ತು. ಎದುರಾಳಿ ಟೊರೆಸ್ ಹೆಡ್ ಮಾಡಿದ (ತಲೆಯಿಂದ ಹೊಡೆದ) ಚೆಂಡು ಗೋಲ್ ಕಡೆ ಹೋಗುವಾಗ ಜಾಕ್ ಕೈಯಿಂದ ತಡೆದುಬಿಟ್ಟ. ಈಗಿನ ಕಾಲವಾಗಿದ್ದರೆ ಕೆಂಪು ಕಾರ್ಡ್, ಫೈನಲ್ ಕೂಡ ಕೈತಪ್ಪುತ್ತಿತ್ತು. ಆಗ ಬರೀ ಪೆನಾಲ್ಟಿ. ಯುಸೇಬಿಯೊ ಹೊಡೆದ. ಆ ಟೂರ್ನಿಯಲ್ಲಿ ಇಂಗ್ಲೆಂಡ್ ಬಿಟ್ಟುಕೊಟ್ಟ ಮೊದಲ ಗೋಲ್ ಅದು. (ಇಬ್ಬರು ಮಕ್ಕಳು ವೆಂಬ್ಲಿಯಲ್ಲಿ ಸೆಮಿಫೈನಲ್ ಆಡುತ್ತಿದ್ದರೆ ಅಪ್ಪ ಶಿಫ್ಟ್ ತಪ್ಪಿಸದೆ ಗಣಿಯ ಒಳಗಿದ್ದರು. ಇದನ್ನು ಎಷ್ಟು ಸಲ ಓದಿದರೂ ನನಗೆ ಮುಂದಿನ ಸಾಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕು.)

ಇನ್ನೊಂದು, ಜುಲೈ 30ರ ಫೈನಲ್. ಪಶ್ಚಿಮ ಜರ್ಮನಿ ಎದುರು 2–1 ಮುನ್ನಡೆ, ಇನ್ನೇನು ಒಂದು ನಿಮಿಷ ಬಾಕಿ. ಚೆಂಡಿಗೆ ಎಗರುವಾಗ ಜರ್ಮನಿಯ ಹೆಲ್ಡ್ ಮೇಲೆ ತಪ್ಪು ಮಾಡಿದ ಅಂತ ಜಾಕ್ ವಿರುದ್ಧ ಫ್ರೀ ಕಿಕ್ ಕೊಟ್ಟರು. ಅದರ ಗಲಾಟೆಯಲ್ಲಿ ವೇಬರ್ ಚೆಂಡನ್ನು ಒಳಗೆ ನೂಕಿದ, 2–2. ತಪ್ಪು ನನ್ನದಲ್ಲ, ಹೆಲ್ಡ್‌ನದು ಅಂತ ಜಾಕ್ ವಾದಿಸುತ್ತಿದ್ದ. ಹೆಚ್ಚುವರಿ ಸಮಯದಲ್ಲಿ 4–2 ಗೆದ್ದರು, ಸರಿ ಹೋಯ್ತು. ಪಂದ್ಯ ಮುಗಿದಾಗ ಈ ಉದ್ದನೆಯ ಆಳು ಮೈದಾನದಲ್ಲೇ ಮಂಡಿಯೂರಿ ಕುಸಿದ. ಆ ರಾತ್ರಿ ಪಾರ್ಟಿ ಮಾಡುತ್ತಾ ಹೋದವನು ಬೆಳಗ್ಗೆ ಎದ್ದದ್ದು ಗುರುತು ಪರಿಚಯ ಇಲ್ಲದವರ ಮನೆಯ ಸೋಫಾ ಮೇಲೆ ಅಂತ ಅವನೇ ಹೇಳಿಕೊಂಡಿದ್ದ.

ಪ್ರಶ್ನೆ: ಲೀಡ್ಸ್ ಜೊತೆ ಏನೇನು ಗೆದ್ದ?

ಉತ್ತರ: 1968ರಲ್ಲಿ ಲೀಗ್ ಕಪ್. 1968 ಮತ್ತು 1971ರಲ್ಲಿ ಯುರೋಪಿನ ಕ್ಲಬ್‌ಗಳ ನಡುವಿನ ಫೇರ್ಸ್ ಕಪ್. 1968–69ರ ಲೀಗ್, ಆ ಸೀಸನ್‌ನಲ್ಲಿ 42 ಪಂದ್ಯಗಳಲ್ಲಿ ಸೋತದ್ದು ಎರಡೇ. 1972ರ ಎಫ್‌ಎ ಕಪ್, ಅವನಿಗೆ 37 ತುಂಬಲು ಎರಡು ದಿನ ಇದ್ದಾಗ. 1967ರಲ್ಲಿ ಪತ್ರಕರ್ತರು ಕೊಡುವ ವರ್ಷದ ಆಟಗಾರ ಪ್ರಶಸ್ತಿ, ಹಿಂದಿನ ವರ್ಷ ಅದು ತಮ್ಮನಿಗೆ ಸಿಕ್ಕಿತ್ತು. ಆದರೆ ಗೆದ್ದದ್ದಕ್ಕಿಂತ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದೇ ಜಾಸ್ತಿ. ರೆವಿಯ ಆ ತಂಡ ಲೀಗ್‌ನಲ್ಲಿ ಐದು ಸಲ ಎರಡನೇ ಸ್ಥಾನಕ್ಕೆ ನಿಂತದ್ದನ್ನು ಜಾಕ್ ಒಳಗಿಂದಲೇ ನೋಡಿದ. ಇಂಗ್ಲೆಂಡ್‌ಗೆ 35 ಪಂದ್ಯ, 6 ಗೋಲ್.

ಪ್ರಶ್ನೆ: ಯಾವುದೋ ಕಪ್ಪು ಪುಸ್ತಕದ ರಗಳೆ ಇತ್ತಲ್ಲ?

ಉತ್ತರ: 1970ರಲ್ಲಿ ಟಿವಿಯಲ್ಲಿ ಕೂತು, ನನ್ನ ಹತ್ತಿರ ಒಂದು ಪುಟ್ಟ ಕಪ್ಪು ಪುಸ್ತಕ ಇದೆ, ನನಗೆ ಪೆಟ್ಟು ಕೊಟ್ಟವರ ಹೆಸರು ಅದರಲ್ಲಿದೆ, ಸಮಯ ಸಿಕ್ಕಾಗ ತೀರಿಸುತ್ತೇನೆ ಅನ್ನೋ ಧಾಟಿಯಲ್ಲಿ ಮಾತಾಡಿಬಿಟ್ಟ. ಪತ್ರಿಕೆಗಳು ಹರಿದು ತಿಂದವು, ಫುಟ್‌ಬಾಲ್ ಸಂಸ್ಥೆ ವಿಚಾರಣೆ ನಡೆಸಿತು, ಶಿಕ್ಷೆ ಆಗಲಿಲ್ಲ. ನಿಜವಾದ ಪುಸ್ತಕ ಇರಲೇ ಇಲ್ಲ, ತಲೆಯಲ್ಲಿ ಒಂದೆರಡು ಹೆಸರು ಇದ್ದವು ಅಷ್ಟೇ ಅಂತ ಜಾಕ್ ಆಮೇಲೆ ಹೇಳಿದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ಇಂಥವರಿಗೇ.

ಪ್ರಶ್ನೆ: ಇಂಗ್ಲೆಂಡಿನವನಾದ ಜಾಕ್‌ನನ್ನು ಐರ್ಲೆಂಡ್ ಜನ ಅಷ್ಟು ಪ್ರೀತಿಸೋದು ಯಾಕೆ?

ಉತ್ತರ: ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆಗೆ ಇವನಿಗಿಂತ ಒಳ್ಳೆಯ ಉದಾಹರಣೆ ಸಿಗದು. ಆಟ ಬಿಟ್ಟ ತಕ್ಷಣ ಮಿಡಲ್ಸ್‌ಬರೋ ಮ್ಯಾನೇಜರ್ ಆದ, ಮೊದಲ ಸೀಸನ್‌ನಲ್ಲೇ ಎರಡನೇ ದರ್ಜೆಯನ್ನು 15 ಅಂಕಗಳ ಅಂತರದಲ್ಲಿ ಗೆದ್ದ. ಗೆಲುವಿಗೆ ಎರಡೇ ಅಂಕ ಇದ್ದ ಕಾಲದಲ್ಲಿ ಅದು ದೊಡ್ಡ ಅಂತರ. 1977ರಲ್ಲಿ ಇಂಗ್ಲೆಂಡ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ. ಆಗೋದಿಲ್ಲ ಅಂತ ಒಂದು ಸಾಲಿನ ಉತ್ತರ ಕೂಡ ಬರಲಿಲ್ಲ. ವಿಶ್ವಕಪ್ ಗೆದ್ದು ಕೊಟ್ಟವನಿಗೆ! ಇನ್ನು ಜನ್ಮದಲ್ಲಿ ಯಾವ ಕೆಲಸಕ್ಕೂ ಅರ್ಜಿ ಹಾಕೋದಿಲ್ಲ ಅಂದುಕೊಂಡ.

ಶೆಫೀಲ್ಡ್ ವೆಡ್ನೆಸ್‌ಡೇ, ನ್ಯೂಕಾಸಲ್ ಆದ ಮೇಲೆ 1986ರಲ್ಲಿ ಐರ್ಲೆಂಡ್ ಗಣರಾಜ್ಯದ ತಂಡ ಅವನ ಕೈಗೆ ಬಂತು. ಅಲ್ಲಿಯವರೆಗೆ ಆ ದೇಶ ಒಂದೂ ದೊಡ್ಡ ಟೂರ್ನಿಗೆ ಅರ್ಹತೆ ಪಡೆದಿರಲಿಲ್ಲ. ಅಜ್ಜ ಅಜ್ಜಿ ಐರ್ಲೆಂಡಿನವರಾಗಿದ್ದರೂ ಸಾಕು ಅನ್ನೋ ನಿಯಮ ಹಿಡಿದು ಇಂಗ್ಲೆಂಡಿನಲ್ಲಿ ಹುಟ್ಟಿದ ಎಷ್ಟೋ ಆಟಗಾರರನ್ನು ಹುಡುಕಿ ತಂದ. ಆಟದ ರೀತಿಯೂ ಅವನ ಹಾಗೇ, ಅಲಂಕಾರ ಇಲ್ಲ. ಚೆಂಡನ್ನು ಎದುರಾಳಿ ಡಿಫೆನ್ಸ್ ಹಿಂದಕ್ಕೆ ಒದಿ, ಅವರು ತಿರುಗಿ ಓಡುವಾಗ ಮೈಮೇಲೆ ಬೀಳು. ನೋಡಲು ಚೆಂದ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ 1988ರ ಯುರೋ ಕಪ್‌ನ ಮೊದಲ ಪಂದ್ಯದಲ್ಲೇ, ಸ್ಟಟ್‌ಗಾರ್ಟ್‌ನಲ್ಲಿ, ರೇ ಹೌಟನ್ ಗೋಲ್‌ನಿಂದ ಇಂಗ್ಲೆಂಡನ್ನೇ 1–0 ಸೋಲಿಸಿದರು. ಆ ಅರ್ಜಿಗೆ ಉತ್ತರ ಹನ್ನೊಂದು ವರ್ಷ ತಡವಾಗಿ ಹೋಯಿತು, ಈ ಕಡೆಯಿಂದ!

1990ರ ಇಟಲಿ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ತಮಾಷೆ ಏನೆಂದರೆ ಅಲ್ಲಿಗೆ ತಲುಪುವಾಗ ನಿಗದಿತ ಆಟದಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. ಮೂರು ಡ್ರಾ, ಆಮೇಲೆ ರೊಮೇನಿಯಾ ಎದುರು ಪೆನಾಲ್ಟಿಯಲ್ಲಿ 5–4. ಇಟಲಿ ಎದುರು 0–1 ಸೋತು ಬಂದರೂ ಡಬ್ಲಿನ್ ಬೀದಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದೇ ಇಟಲಿಯನ್ನು 1994ರ ವಿಶ್ವಕಪ್‌ನಲ್ಲಿ 1–0 ಸೋಲಿಸಿದರು. 1996ರಲ್ಲಿ ಐರ್ಲೆಂಡ್ ಅವನಿಗೆ ಗೌರವ ಪೌರತ್ವ ಕೊಟ್ಟಿತು. ಅಲ್ಲಿನ ಪಬ್‌ಗಳಲ್ಲಿ ಜಾಕ್ ಬಿಲ್‌ಗೆ ಚೆಕ್ ಬರೆದುಕೊಡುತ್ತಿದ್ದನಂತೆ. ಮಾಲೀಕರು ಅದನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಇದು ಜಾಕ್‌ಗೆ ಗೊತ್ತಿರಲಿಲ್ಲ ಅಂತ ನಾನಂತೂ ನಂಬೋದಿಲ್ಲ. ಕಾರ್ಕ್ ವಿಮಾನ ನಿಲ್ದಾಣದಲ್ಲಿ ಅವನ ಪ್ರತಿಮೆ ಇದೆ, ಕಾಲ ಬಳಿ ಚೆಂಡಲ್ಲ, ಮೀನು ಹಿಡಿಯುವ ವೇಷ.

ಪ್ರಶ್ನೆ: ಅಣ್ಣ ತಮ್ಮ ಮಾತು ಬಿಟ್ಟಿದ್ದರು ಅಂತ ಕೇಳಿದ್ದೇನೆ.

ಉತ್ತರ: ಹೌದು, ವರ್ಷಗಟ್ಟಲೆ. ಅಮ್ಮ ಮತ್ತು ಬಾಬಿಯ ಹೆಂಡತಿಯ ನಡುವೆ ಸರಿಹೋಗಲಿಲ್ಲ, ಬಾಬಿ ಮನೆಗೆ ಬರೋದು ಕಡಿಮೆ ಮಾಡಿದ. ಜಾಕ್ ಅಮ್ಮನ ಪಕ್ಷ. ಅದನ್ನೆಲ್ಲ ತನ್ನ ಆತ್ಮಕಥೆಯಲ್ಲಿ ಬರೆದೂಬಿಟ್ಟ. ಮನೆ ಜಗಳದಲ್ಲಿ ಯಾರದು ಸರಿ ಅಂತ ಹೇಳಲು ನಾನ್ಯಾರು? 2008ರಲ್ಲಿ ಬಿಬಿಸಿ ಬಾಬಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಾಗ ಅದನ್ನು ಕೈಗಿತ್ತದ್ದು ಅಣ್ಣನೇ. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಪ್ರಶ್ನೆ: ಹೆಡ್ ಮಾಡಿ ಮಾಡಿಯೇ ಜಾಕ್‌ಗೆ ಮರೆವಿನ ಕಾಯಿಲೆ ಬಂತೇ? ನನ್ನ ಮಗ ಫುಟ್‌ಬಾಲ್ ಆಡುತ್ತಾನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಒಬ್ಬ ವ್ಯಕ್ತಿಗೆ ಬಂದದ್ದು ಇದರಿಂದಲೇ ಅಂತ ಬೆರಳು ಮಾಡಿ ತೋರಿಸಲು ಆಗೋದಿಲ್ಲ. ಜಾಕ್ 2020ರ ಜುಲೈ 10ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡ. ಡಿಮೆನ್ಷಿಯಾ ಇತ್ತು, ಲಿಂಫೋಮಾ ಅನ್ನೋ ಕ್ಯಾನ್ಸರ್ ಕೂಡ ಇತ್ತು. ಆದರೆ 1966ರ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಚಾರ್ಲ್ಟನ್ ಅಣ್ಣತಮ್ಮಂದಿರು, ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಹೀಗೆ ಐವರಿಗೆ ಮರೆವಿನ ಕಾಯಿಲೆ ಬಂತು. ಸುಮ್ನೆ ಕಾಕತಾಳೀಯ ಅನ್ನಲು ಕಷ್ಟ.

ಗ್ಲ್ಯಾಸ್ಗೊ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದ್ದಾರೆ. ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು ಜಾಸ್ತಿ ಅಂತ 2019ರಲ್ಲಿ ಹೇಳಿದರು. 2021ರಲ್ಲಿ ಆಡಿದ ಜಾಗದ ಲೆಕ್ಕ ಹಾಕಿದಾಗ ಡಿಫೆಂಡರ್‌ಗಳದ್ದೇ ಎಲ್ಲರಿಗಿಂತ ಜಾಸ್ತಿ, ಹತ್ತಿರ ಹತ್ತಿರ ಐದು ಪಟ್ಟು. ಚೆಂಡಿಗೆ ತಲೆ ಕೊಡುವ ಪ್ರಮೇಯವೇ ಕಡಿಮೆ ಇರುವ ಗೋಲ್‌ಕೀಪರ್‌ಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡಿಂಗ್ ಕಲಿಸಬೇಡಿ ಅನ್ನೋ ಸೂಚನೆ ಇದೆ. ದೊಡ್ಡವರಿಗೂ 2021ರಿಂದ ಅಭ್ಯಾಸದಲ್ಲಿ ಜೋರಾದ ಹೆಡರ್ ವಾರಕ್ಕೆ ಹತ್ತೇ ಇರಲಿ ಅಂತ ಸಲಹೆ. ನಿಮ್ಮ ಮಗ ಆಡಲಿ. ಸದ್ಯಕ್ಕೆ ಕಾಲಿನಿಂದಲೇ ಆಡಲಿ ಅಂತ ಕೋಚ್‌ಗೆ ಹೇಳಿ.

ಪ್ರಶ್ನೆ: ಜಾಕ್‌ನ ಆಟ ನೋಡಬೇಕು ಅಂದರೆ ಯಾವುದನ್ನು ನೋಡಲಿ?

ಉತ್ತರ: 1966ರ ಫೈನಲ್‌ನ ಕೊನೆಯ ನಿಮಿಷ ನೋಡಿ. 3–2. ಹೆಚ್ಚುವರಿ ಸಮಯವೂ ಮುಗಿಯುತ್ತಿದೆ. ಇಂಗ್ಲೆಂಡ್ ಗೋಲ್ ಹತ್ತಿರ ಬಾಬಿ ಮೂರ್ ಚೆಂಡನ್ನು ಎದೆಯಲ್ಲಿ ಇಳಿಸಿಕೊಳ್ಳುತ್ತಾನೆ. ಪಕ್ಕದಲ್ಲಿ ಜಾಕ್, ಆಚೆ ಒದಿ, ಜನರ ಮಧ್ಯೆ ಒದಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದನಂತೆ. ಮೂರ್ ಕಿವಿಗೇ ಹಾಕಿಕೊಳ್ಳೋದಿಲ್ಲ. ತಲೆ ಎತ್ತಿ, ದೂರ ನೋಡಿ, ಮುಂದಿದ್ದ ಸ್ಟ್ರೈಕರ್ ಹರ್ಸ್ಟ್‌ಗೆ ಉದ್ದನೆಯ ಪಾಸ್ ಕೊಡುತ್ತಾನೆ. ಹರ್ಸ್ಟ್ ಓಡುತ್ತಾನೆ, ನಾಲ್ಕನೇ ಗೋಲ್. ಎಲ್ಲರೂ ಆ ಓಟವನ್ನೇ ನೋಡುತ್ತಾರೆ. ನೀವು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಿ, ಮೂರ್ ಚೆಂಡು ಇಳಿಸಿಕೊಳ್ಳುವ ಹೊತ್ತಿಗೆ ನಿಲ್ಲಿಸಿ, ಸುತ್ತಮುತ್ತ ಆ 5ನೇ ನಂಬರಿನ ಉದ್ದ ಕಾಲಿನವನು ಎಲ್ಲಿದ್ದಾನೆ ಅಂತ ಹುಡುಕಿ.